ತ್ರ್ಯಂಬಕ ಭಟ್ಟರ ಎಣ್ಣೆ

ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಸ್ಪೇರ್ ಪಾರ್ಟ್ಸ್ ಅಂಗಡಿ ಇದೆ. ಟ್ರ್ಯಾಕ್ಟರಿನ ಸಾಮಾನು ಹೆಚ್ಚು, ಬೈಕಿನದು ಅದಕ್ಕಿಂತ ತುಸು ಕಡಿಮೆ, ಕಾರಿನದು ಇದೆ ಎನ್ನಲಿಕ್ಕೆ ಇದೆ. ಗಿರಾಕಿಗಳು ಬರುತ್ತಾರೆ, ಡಬ್ಬಿಯ ಮೇಲಿನ ಚಿತ್ರ ನೋಡುತ್ತಾರೆ, ಯಾವುದು ಅಗ್ಗ ಎಂದು ಕೇಳುತ್ತಾರೆ, ಒಯ್ಯುತ್ತಾರೆ. ಎಂಜಿನ್ನಿಗೆ ಹಾಕುವ ಎಣ್ಣೆಯನ್ನು ಎರಡು ಬೆರಳಿನ ನಡುವೆ ತಿಕ್ಕಿ, ಮೂಗಿನ ಹತ್ತಿರ ಹಿಡಿದು, ಬಿಸಿಲಿಗೆ ನೋಡಿ, ಆಮೇಲೆ ಬೇಡ ಎಂದು ತಿರುಗಿ ಕೊಟ್ಟ ಗಿರಾಕಿಯನ್ನು ನಾನು ಕಂಡದ್ದು ಒಬ್ಬರನ್ನೇ. ಅವರು ತ್ರ್ಯಂಬಕ ಭಟ್ಟರು. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಬರೆದರೆ ಇಳಿದೀತು ಎಂದು ಬರೆಯಲು ಕೂತಿದ್ದೇನೆ, ಇಳಿಯುವ ಲಕ್ಷಣವೇನೂ ಕಾಣುತ್ತಿಲ್ಲ.

ಭಟ್ಟರ ಮೂಲ ಊರು ಸವದತ್ತಿ ತಾಲೂಕಿನ ಹೂಲಿ. ಪುರಾಣ ಹೇಳುವ ಮನೆತನ. ಅಪ್ಪ ಬೇಗ ತೀರಿಕೊಂಡರು. ತಾಯಿ ಇವರನ್ನು ಕರೆದುಕೊಂಡು ಬೈಲಹೊಂಗಲಕ್ಕೆ ಬಂದು ವಕೀಲ ನರಹರಿರಾಯರ ಮನೆಯಲ್ಲಿ ಅಡಿಗೆಗೆ ನಿಂತರು. ಭಟ್ಟರು ಬೆಳಗ್ಗೆ ಮಂತ್ರ ಕಲಿತರು, ಮಧ್ಯಾಹ್ನ ರಾಯರ ಗಾಡಿ ತೊಳೆದರು, ತೊಳೆಯುತ್ತ ತೊಳೆಯುತ್ತ ಓಡಿಸುವುದನ್ನೂ ಕಲಿತರು. ಕರಿ ಬಣ್ಣದ ಅಂಬಾಸಡರ್, ಮಾರ್ಕ್ ಟೂ. ಮುಂದೆ ನಲವತ್ತು ವರ್ಷ ಅದೇ ಗಾಡಿಯಲ್ಲಿ ರಾಯರನ್ನು ಸವದತ್ತಿಯ ಕೋರ್ಟಿಗೆ, ರಾಮದುರ್ಗದ ಕೋರ್ಟಿಗೆ ಕರೆದೊಯ್ದರು. ರಾಯರು ಒಳಗೆ ವಾದ ಮಾಡುವಾಗ ಇವರು ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಸ್ಟೇರಿಂಗಿನ ಮುಂದೆ ಕೂತು ಜಪ ಮಾಡುತ್ತಿದ್ದರು.

ಜಪ ಮಾಡುವ ಡ್ರೈವರನನ್ನು ಊರು ಏನು ಮಾಡಬೇಕು? ಡ್ರೈವರುಗಳು ಇವರನ್ನು ಭಟ್ಟರೆಂದು ದೂರ ಕೂರಿಸಿದರು. ಬ್ರಾಹ್ಮಣರು ಡ್ರೈವರನೆಂದು ದೂರ ಕೂರಿಸಿದರು. ಮದುವೆ ಮುಂಜಿಯ ಪಂಕ್ತಿಯಲ್ಲಿ ಇವರ ಎಲೆ ಎಲ್ಲರಿಗಿಂತ ಕೊನೆಗೆ ಬೀಳುತ್ತಿತ್ತು. ಡ್ರೈವರನಿಗೆ ಯಾರು ಹೆಣ್ಣು ಕೊಟ್ಟಾರು ಎಂದು ತಾಯಿ ಹೇಳುತ್ತ ಹೇಳುತ್ತಲೇ ತೀರಿಕೊಂಡರು, ಮದುವೆ ಆಗಲೇ ಇಲ್ಲ. ಯಾರದಾದರೂ ಮನೆಯ ಶ್ರಾದ್ಧಕ್ಕೆ ಹೇಳಿಟ್ಟ ಬ್ರಾಹ್ಮಣ ಕೈಕೊಟ್ಟರೆ ಮಾತ್ರ ಎಲ್ಲರಿಗೂ ತ್ರ್ಯಂಬಕ ಭಟ್ಟರ ನೆನಪಾಗುತ್ತಿತ್ತು. ಇವರು ಮಾತಿಲ್ಲದೆ ಹೋಗಿ ಕೂತು ಉಂಡು ಬರುತ್ತಿದ್ದರು. ಯಾಕೆ ಹೋಗುತ್ತೀರಿ ಎಂದು ನಾನು ಒಮ್ಮೆ ಬೈದಿದ್ದೆ. ಕರೆದರೆ ಹೋಗಬೇಕಾಗುತ್ತದೆ ಎಂದರು, ಅಷ್ಟೇ.

ಇನ್ನು ಅವರ ಎಣ್ಣೆಯ ಮಡಿ. ಎಣ್ಣೆ ಸುರಿಯುವ ಲಾಳಿಕೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಗೂಟಕ್ಕೆ ನೇತು ಹಾಕುತ್ತಿದ್ದರು. ಅದನ್ನು ಇನ್ನೊಬ್ಬರು ಮುಟ್ಟುವ ಹಾಗಿರಲಿಲ್ಲ. ಒಂದು ಕಂಪನಿಯ ಎಣ್ಣೆಯ ಮೇಲೆ ಇನ್ನೊಂದು ಕಂಪನಿಯದನ್ನು ಸುರಿಯುವ ಹಾಗಿರಲಿಲ್ಲ, ಅದು ಬೆರಕೆ. ಡಬ್ಬಿ ಅವರ ಕಣ್ಣೆದುರೇ ಒಡೆಯಬೇಕು. ಭಟ್ಟರೇ, ಗಾಡಿಗೆ ಮುಂಜಿ ಯಾವಾಗ ಎಂದು ನಾನು ಕಾಡುತ್ತಿದ್ದೆ. ಅವರು ನಗುತ್ತಿರಲಿಲ್ಲ. ಹೆಂಡತಿ ಮಕ್ಕಳಿಲ್ಲದ ಮನುಷ್ಯ ಇಷ್ಟು ಅಕ್ಕರೆಯನ್ನು ಎಲ್ಲಿಯಾದರೂ ಖರ್ಚು ಮಾಡಲೇಬೇಕಲ್ಲ ಎಂದು ನಾನೂ ಬಿಟ್ಟುಬಿಡುತ್ತಿದ್ದೆ.

ಅವರ ಹಟದಲ್ಲಿ ಹುರುಳಿರಲಿಲ್ಲ ಎಂದೂ ಹೇಳಲಾರೆ. ಈಗಿನ ಗಾಡಿಗಳಿಗೆ ಬರುವ ಸಿಂಥೆಟಿಕ್ ಎಣ್ಣೆ ನೀರಿನಷ್ಟು ತೆಳು. ಹೊಸ ಎಂಜಿನ್ನಿನ ಸಂದುಗಳು ಸಣ್ಣವು, ಅಲ್ಲಿ ತೆಳು ಎಣ್ಣೆಯೇ ಬೇಕು. ಹಳೆಯ ಅಂಬಾಸಡರಿನ ಬೇರಿಂಗುಗಳು ಸವೆದು ಸಂದು ದೊಡ್ಡದಾಗಿರುತ್ತದೆ. ಎಂಜಿನ್ ಕಾದಾಗ ತೆಳು ಎಣ್ಣೆ ಅಲ್ಲಿ ನಿಲ್ಲದೆ ಜಾರಿಹೋಗುತ್ತದೆ. ಅದಕ್ಕೆ ದಪ್ಪದ್ದು ಬೇಕು, ನಾವು ಟ್ವೆಂಟಿ ಫಿಫ್ಟಿ ಅನ್ನುವುದು. ಟ್ರ್ಯಾಕ್ಟರಿಗೆ ಹಾಕುವ ಎಣ್ಣೆಯೂ ದಪ್ಪವೇ, ಅದನ್ನೇ ಒಯ್ಯಿರಿ ಎಂದು ನಾನು ಒಂದು ಸಲ ಒತ್ತಾಯ ಮಾಡಿದೆ. ಅದು ಒಳಗಿನ ಹಳೆಯ ಕೊಳೆಯನ್ನೆಲ್ಲ ಒಮ್ಮೆಗೇ ಎಬ್ಬಿಸಿ ಫಿಲ್ಟರಿಗೆ ತುರುಕುತ್ತದೆ, ಬೇಡ ಎಂದರು. ಅವರು ಹೇಳಿದ್ದರಲ್ಲಿ ಅರ್ಧ ಸರಿ, ಇನ್ನರ್ಧ ಅಂಜಿಕೆ. ಆದರೆ ಗಾಡಿ ಮಾತ್ರ ನಿಂತಲ್ಲಿ ಗುನುಗುವಂತೆ ಇತ್ತು, ಆ ಮಾತನ್ನು ಒಪ್ಪಲೇಬೇಕು.

ಹೋದ ವರ್ಷಕ್ಕೆ ಹಿಂದಿನ ವರ್ಷ ನರಹರಿರಾಯರು ತೀರಿಕೊಂಡರು. ಮಗ ಭಾರ್ಗವ ಪುಣೆಯಲ್ಲಿ ಕಾಲೇಜಿನ ಪ್ರೊಫೆಸರ್. ತಾಯಿ ಭಾಗೀರಥಿಬಾಯಿಯನ್ನು ಕರೆದುಕೊಂಡು ಹೋದ. ಭಟ್ಟರಿಗೆ ಸಂಬಳವೂ ನಿಂತಿತು, ಕೆಲಸವೂ ನಿಂತಿತು. ಆದರೂ ಇವರು ದಿನಾ ಬೆಳಗ್ಗೆ ಹೋಗಿ ಗಾಡಿ ಸುರು ಮಾಡಿ, ಎಂಜಿನ್ ಕಾಯುವ ತನಕ ಪಕ್ಕದಲ್ಲಿ ನಿಂತು, ಬಂದ್ ಮಾಡಿ ಬರುತ್ತಿದ್ದರು. ಯಾರೂ ಹೇಳಿರಲಿಲ್ಲ, ಯಾರೂ ಕೇಳಲಿಲ್ಲ.

ವರ್ಷಾಂತಿಕದ ಶ್ರಾದ್ಧಕ್ಕೆ ಒಂದು ತಿಂಗಳು ಇರುವಾಗ ಭಾರ್ಗವ ವ್ಯವಸ್ಥೆ ನೋಡಲು ಬಂದ. ಕಿತ್ತೂರಿನ ಹತ್ತಿರ ಹೈವೇ ಮೇಲೆ ಅವನ ಗೆಳೆಯನೊಬ್ಬ ಹೋಟೆಲು ತೆಗೆಯುತ್ತಿದ್ದ. ಬಂದವರು ಫೋಟೋ ತೆಗೆಸಿಕೊಳ್ಳಲಿ ಎಂದು ಬಾಗಿಲ ಮುಂದೆ ನಿಲ್ಲಿಸಲಿಕ್ಕೆ ಆ ಗೆಳೆಯನಿಗೆ ಒಂದು ಹಳೆಯ ಕಾರು ಬೇಕಾಗಿತ್ತು. ಕೊಟ್ಟುಬಿಡುತ್ತೇನೆ ಎಂದು ಭಾರ್ಗವ ಹೇಳಿದಾಗ ಭಟ್ಟರು ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ನಿಂತರಂತೆ. ಅದನ್ನು ನೋಡಿ ಅವನಿಗೂ ತುಸು ನಾಚಿಕೆಯಾಗಿರಬೇಕು. ಅವರನ್ನು ಕರೆದುಕೊಂಡು ನನ್ನ ಅಂಗಡಿಗೇ ಬಂದ, ನನ್ನ ಮುಂದೆಯೇ ಹೇಳಿದ.

"ನೋಡ್ರಿ ಭಟ್ರ, ಓಡೋ ಗಾಡಿ ಇದ್ರ ಅದು ನಿಮ್ಮದ. ನಿಂತ ಗಾಡಿ ಇದ್ರ ಹೋಟೆಲಿಗೆ ಹೋಗ್ತದ. ಶ್ರಾದ್ಧದ ಮರುದಿನ ಅವ್ವನ್ನ ಕೂಡಿಸ್ಕೊಂಡು ಸವದತ್ತಿ ಗುಡ್ಡಕ್ಕ ಹೋಗಿ ಬರೋಣು. ಹೋಗಿ ಬಂತು ಅಂದ್ರ ಕಾಗದಾ ನಿಮ್ಮ ಹೆಸರಿಗೆ ಮಾಡಿಸ್ತೀನಿ."

ಒಳ್ಳೆಯ ಮಾತೇ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನಾನು ಅವನನ್ನು ಬೈದುಕೊಂಡು ಹಗುರಾಗುತ್ತಿದ್ದೆ. ಭಾರ್ಗವ ಹೋದ ಮೇಲೆ ಭಟ್ಟರು ನನ್ನ ಸ್ಟೂಲಿನ ಮೇಲೆ ಕೂತರು. ಆ ಮನುಷ್ಯ ಹಾಗೆ ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು. ಇಷ್ಟು ದಿನ ಇನ್ನೊಬ್ಬರ ಗಾಡಿಗೆ ಎಣ್ಣೆ ಹಾಕಿದೆ, ಈ ಸಲ ನನ್ನದಕ್ಕೆ ಹಾಕುತ್ತೇನೆ ಎಂದರು.

ಹಾಗೆ ಸುರುವಾಯಿತು ಫಿಲ್ಟರಿನ ಹುಡುಕಾಟ. ಈಗಿನ ಕಾರಿಗಾದರೆ ಆಯಿಲ್ ಫಿಲ್ಟರ್ ಎಂದರೆ ಒಂದು ತಗಡಿನ ಡಬ್ಬಿ, ತಿರುಗಿಸಿ ತೆಗೆ, ತಿರುಗಿಸಿ ಹಾಕು. ಹಳೆಯ ಅಂಬಾಸಡರಿನಲ್ಲಿ ಒಂದು ಕಬ್ಬಿಣದ ಬಟ್ಟಲು ಇರುತ್ತದೆ, ಅದರೊಳಗೆ ಕಾಗದದ ಫಿಲ್ಟರ್ ಕೂರುತ್ತದೆ, ಬಟ್ಟಲಿನ ಬಾಯಿಗೆ ರಬ್ಬರಿನ ರಿಂಗು, ಎಲ್ಲವನ್ನೂ ಹಿಡಿದಿಡಲು ನಡುವೆ ಒಂದು ಉದ್ದನ್ನ ಬೋಲ್ಟು. ಆ ಕಾಗದ ಈಗ ಎಲ್ಲಿ ಸಿಗಬೇಕು? ನನ್ನ ಹತ್ತಿರ ಇದ್ದದ್ದು ಅಳತೆಯಲ್ಲಿ ತುಸು ಗಿಡ್ಡ. ಕೆಳಗೊಂದು ವಾಶರ್ ಕೊಟ್ಟರೆ ಕೂರುತ್ತದೆ ಎಂದೆ. ಭಟ್ಟರು ಅದನ್ನು ತಿರುಗಿಸಿ ನೋಡಿ ಕೌಂಟರಿನ ಮೇಲೆ ಇಟ್ಟರು. ಗಿಡ್ಡದ್ದು ಕೂತರೆ ಎಣ್ಣೆ ಸೋಸದೆ ಪಕ್ಕದಿಂದ ಹಾದು ಹೋಗುತ್ತದೆ ಎಂದು ನನಗೇ ಪಾಠ ಹೇಳಿದರು. ಅದು ನನಗೂ ಗೊತ್ತಿತ್ತು. ಸವದತ್ತಿಗೆ ಹೋಗಿ ಬರಲಿಕ್ಕೆ ಅಷ್ಟು ಸಾಕು ಎಂದು ಅವರಿಗೂ ಗೊತ್ತಿರಬೇಕಿತ್ತು.

ಕಿತ್ತೂರಿಗೆ ಹೋದರು, ಹೈವೇಯ ಅಂಗಡಿಯವನು ಅಂಬಾಸಡರ್ ಎಂದು ಕೇಳಿದ್ದಕ್ಕೇ ನಕ್ಕನಂತೆ. ಸವದತ್ತಿಯಲ್ಲಿ ಜೀಪಿನ ಫಿಲ್ಟರ್ ತೋರಿಸಿದರು. ಕೊನೆಗೆ ರಾಮದುರ್ಗದಲ್ಲಿ ಜಟ್ಟೆಪ್ಪ ಎಂಬ ಹಳೆಯ ಮೇಸ್ತ್ರಿಯ ಮುಚ್ಚಿದ ಗ್ಯಾರೇಜಿನ ಮಾಳಿಗೆಯ ಮೇಲೆ ಒಂದು ಸಿಕ್ಕಿತು. ಪೆಟ್ಟಿಗೆಯನ್ನು ಇಲಿ ಕಡಿದಿತ್ತು, ಫಿಲ್ಟರ್ ಮಾತ್ರ ಹಾಗೇ ಇತ್ತು. ಭಟ್ಟರು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಬಂದರು. ಜೊತೆಗಿದ್ದ ರಬ್ಬರ್ ರಿಂಗು ಒಣಗಿ ಚೂರುಚೂರಾಗಿತ್ತು. ರಿಂಗಿಗೆ ನಾನು ಹುಬ್ಬಳ್ಳಿಗೆ ಫೋನು ಮಾಡಿದೆ. ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುತ್ತೇವೆ ಎಂದರು. ಇವತ್ತು, ನಾಳೆ ಎನ್ನುತ್ತ ಅದು ಬರುವ ಹೊತ್ತಿಗೆ ಶ್ರಾದ್ಧದ ದಿನವೇ ಬಂದಿತ್ತು.

ಹಿಂದಿನ ಸಂಜೆ ಭಟ್ಟರು ಗಾಡಿಯನ್ನು ಒಂದು ಸುತ್ತು ಓಡಿಸಿ ಎಂಜಿನ್ ಬಿಸಿ ಮಾಡಿ ಹಳೆಯ ಎಣ್ಣೆ ಇಳಿಸಿದರು. ಬಿಸಿಯಿದ್ದಾಗ ಇಳಿಸಿದರೆ ಕೊಳೆಯೂ ಜೊತೆಗೆ ಬರುತ್ತದೆ, ರಾತ್ರಿಯೆಲ್ಲ ಹನಿಯುತ್ತ ಬಿಟ್ಟರೆ ತಳದ್ದೂ ಬರುತ್ತದೆ. ಇದು ಅವರ ಪದ್ಧತಿ. ಬೆಳಗ್ಗೆ ರಿಂಗು ಬಂದ ಮೇಲೆ ಹೊಸ ಫಿಲ್ಟರ್ ಕೂರಿಸಿ ಎಣ್ಣೆ ತುಂಬುವುದು ಎಂದು ಲೆಕ್ಕ. ನಾನು ಅಂಗಡಿ ಮುಚ್ಚಿ ಹೋಗುವಾಗ ಅಲ್ಲಿ ಇಣುಕಿದ್ದೆ. ಎಣ್ಣೆಯಿಲ್ಲದ ಗಾಡಿ ರಾತ್ರಿಯೆಲ್ಲ ನಿಲ್ಲುವುದು ನನಗೆ ಸರಿ ಕಾಣಲಿಲ್ಲ. ಗಾಡಿಯಲ್ಲಿದ್ದ ಹಳೆಯ ರಿಂಗಿಗೇ ಪೇಸ್ಟ್ ಹಚ್ಚಿ ಈಗಲೇ ಮುಗಿಸಿಬಿಡಿ, ಪಂಢರಪುರಕ್ಕೆ ಬೇಕಾದರೂ ಹೋಗಿ ಬರುತ್ತದೆ ಎಂದೆ.

"ಉಂಡ ಎಲೀ ಮ್ಯಾಲೆ ಮತ್ತ ಬಡಿಸಿದಂಗ ಆಗ್ತದಲ್ಲೋ ಬಸವಣ್ಣೆಪ್ಪಾ," ಎಂದರು. "ನನ್ನ ಗಾಡಿಗೆ ನಾ ಮೊದಲನೇ ಸಲ ಹಾಕ್ತಿರೋದು. ಮಡೀಲೇ ಆಗ್ಲಿ."

ನಾನು ಮನೆಗೆ ಹೋದೆ.

ಮರುದಿನ ಬೆಳಗ್ಗೆ ಶ್ರಾದ್ಧಕ್ಕೆ ಹೇಳಿಟ್ಟಿದ್ದ ಸವದತ್ತಿಯ ಬ್ರಾಹ್ಮಣರಿಗೆ ಸೂತಕ ಬಂತು. ಅವರ ಭಾವನೆಂಟನೋ ಯಾರೋ ತೀರಿಕೊಂಡಿದ್ದರು. ಶ್ರಾದ್ಧಕ್ಕೆ ಇಬ್ಬರು ಬ್ರಾಹ್ಮಣರು ಬೇಕು, ದೇವರ ಜಾಗದಲ್ಲಿ ಒಬ್ಬರು, ತೀರಿಕೊಂಡವರ ಜಾಗದಲ್ಲಿ ಒಬ್ಬರು. ಒಬ್ಬರು ಬಂದಿದ್ದರು. ಇನ್ನೊಬ್ಬರಿಗೆ ಎಲ್ಲಿ ಹೋಗುವುದು? ಗಾಡಿ ನಿಲ್ಲುವ ಶೆಡ್ಡಿನಲ್ಲಿ ತ್ರ್ಯಂಬಕ ಭಟ್ಟರು ಇದ್ದೇ ಇದ್ದರಲ್ಲ. ಸ್ನಾನ ಮಾಡಿ ಬರ್ರಿ ಎಂದು ಭಾರ್ಗವ ಹೇಳಿದ. ಇವರು ಸ್ನಾನ ಮಾಡಿ, ಒದ್ದೆ ಪಂಚೆ ಉಟ್ಟು, ಮಡಿಯಲ್ಲಿ ನಿಂತ ಹೊತ್ತಿಗೆ ನಾನು ಬಸ್ ಸ್ಟ್ಯಾಂಡಿನಿಂದ ರಿಂಗು ತೆಗೆದುಕೊಂಡು ಗೇಟಿನಲ್ಲಿದ್ದೆ.

ಕೊಡಲು ಕೈ ಚಾಚಿದೆ, ಅವರು ಹಿಂದೆ ಸರಿದರು. ಕಟ್ಟೆಯ ಮೇಲೆ ಇಡು ಎಂದರು. ಕಟ್ಟೆಯ ಮೇಲೆ ಹೊಸ ಎಣ್ಣೆಯ ಡಬ್ಬಿ, ಫಿಲ್ಟರ್, ಲಾಳಿಕೆ ಎಲ್ಲ ಸಾಲಾಗಿ ಇದ್ದವು, ಮೇಲೆ ಬಿಳಿ ಬಟ್ಟೆ ಮುಚ್ಚಿತ್ತು.

"ನಾ ಹಾಕ್ತೇನ್ರಿ ಭಟ್ರ. ನೀವು ಒಳಗ ಕುಂದರ್ರಿ. ಈಗ ಮುಗಿಸಿಬಿಡ್ತೇನಿ."

"ಬ್ಯಾಡ. ಊಟ ಮುಗದ ಕೂಡ್ಲೆ ನಾನ ಹಾಕ್ತೀನಿ."

ನನಗೆ ರೇಗಿತು. ನನ್ನ ಕೈ ಮುಟ್ಟಿದರೆ ಎಣ್ಣೆ ಮೈಲಿಗೆಯಾಗುತ್ತದೆಯೇ ಎಂದು ಬಾಯಿಗೆ ಬಂದದ್ದನ್ನು ಶ್ರಾದ್ಧದ ಮನೆಯೆಂದು ನುಂಗಿಕೊಂಡೆ. ರಿಂಗನ್ನು ಬಟ್ಟೆಯ ಕೆಳಗೆ ಸರಿಸಿಟ್ಟು ಅಂಗಡಿಗೆ ಬಂದೆ. ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ. ಭಟ್ಟರು ಹೇಳಿದ್ದು ಸ್ವಲ್ಪ, ಅಡಿಗೆಗೆ ಬಂದಿದ್ದ ಪ್ರಿಯಂವದಾಬಾಯಿ ಹೇಳಿದ್ದು ಹೆಚ್ಚು.

ಒಳಗೆ ಹೋಗುವಾಗ ಭಟ್ಟರು ಭಾರ್ಗವನ ಹೆಂಡತಿ ಸುಚೇತಾಳಿಗೆ ಹೇಳಿದರಂತೆ, ಗಾಡಿಯಲ್ಲಿ ಎಣ್ಣೆ ಇಲ್ಲ, ಯಾರೂ ಮುಟ್ಟುವುದು ಬೇಡ, ನಾನು ಬಂದು ಹಾಕುತ್ತೇನೆ ಎಂದು. ಆಕೆ ಪುಣೆಯಲ್ಲೇ ಹುಟ್ಟಿ ಬೆಳೆದವಳು, ಗಾಡಿಯ ಗೊಡವೆ ಗೊತ್ತಿಲ್ಲ. ತಲೆಯಾಡಿಸಿದಳು.

ಕಟಕೋಳದಲ್ಲಿ ರಾಯರ ಹೊಲವಿದೆ. ಅಲ್ಲಿ ಟ್ರ್ಯಾಕ್ಟರ್ ಹೊಡೆಯುವ ಶಿವಲಿಂಗ ಅವತ್ತು ಬಾಳೆಎಲೆ, ಕಾಯಿಪಲ್ಲೆ ತಂದಿದ್ದ. ನಾಡಿದ್ದು ಗುಡ್ಡಕ್ಕೆ ಹೋಗುವುದಿದೆ, ನಾಳೆ ಬಂದಾಗ ಗಾಡಿಯನ್ನು ಶೆಡ್ಡಿನಿಂದ ಹೊರಗೆ ತೆಗೆದು ತೊಳೆದಿಡು ಎಂದು ಭಾರ್ಗವ ಹಿಂದಿನ ದಿನವೇ ಅವನಿಗೆ ಫೋನಿನಲ್ಲಿ ಹೇಳಿದ್ದ. ಶಿವಲಿಂಗ ಕೀಲಿ ಕೇಳಲು ಹೋದಾಗ ಸುಚೇತಾಳಿಗೆ ಭಟ್ಟರ ಮಾತಿನಲ್ಲಿ ಮೊದಲರ್ಧ ಮಾತ್ರ ನೆನಪಾಯಿತು.

"ಗಾಡಿಯೊಳಗ ಎಣ್ಣಿ ಇಲ್ಲಂತ ನೋಡ್ರಿ," ಎಂದಳು.

ಇಲ್ಲಿ ನಮ್ಮ ಕಡೆಯ ಮಾತೊಂದನ್ನು ಬಿಡಿಸಿ ಹೇಳಬೇಕು. ಟ್ರ್ಯಾಕ್ಟರ್ ಹೊಡೆಯುವವರಿಗೆ ಎಣ್ಣಿ ಎಂದರೆ ಡೀಸೆಲ್ಲು, ಪೆಟ್ರೋಲು. ಪಂಪಿಗೆ ಹೋಗಿ ಎಣ್ಣಿ ಹಾಕು ಎನ್ನುತ್ತಾರೆ. ಎಂಜಿನ್ನಿನ ಒಳಗಿನದಕ್ಕೆ ಅವರು ಎಣ್ಣಿ ಎನ್ನುವುದೇ ಇಲ್ಲ, ಅದು ಆಯಿಲ್. ಕಟಕೋಳದಿಂದ ಬೈಲಹೊಂಗಲದ ತನಕ ಯಾರನ್ನು ಕೇಳಿದರೂ ಹೀಗೆಯೇ. ಭಟ್ಟರು ಒಬ್ಬರೇ ಪೆಟ್ರೋಲಿಗೆ ಪೆಟ್ರೋಲ್ ಎಂದು, ಆಯಿಲ್ಲಿಗೆ ಎಣ್ಣಿ ಎನ್ನುವವರು. ಎಳ್ಳೆಣ್ಣೆ, ಕುಸುಬಿ ಎಣ್ಣೆ ಇದ್ದ ಹಾಗೆ ಅವರಿಗೆ ಇದೂ ಒಂದು ಎಣ್ಣೆ. ನಾನೇ ಎಷ್ಟೋ ಸಲ ತಿದ್ದಿದ್ದೆ. ನನ್ನ ಅಂಗಡಿಯಲ್ಲಿ ಅದು ನಗೆಯ ಮಾತಾಗಿತ್ತು. ಇದು ಅವರ ಕಥೆ ಎಂದು ನಾನೂ ಇಲ್ಲಿ ಎಣ್ಣೆ ಎಂದೇ ಬರೆಯುತ್ತ ಬಂದಿದ್ದೇನೆ.

ಶಿವಲಿಂಗ ಕೆಲಸಕ್ಕೆ ಹಿಂದೆ ಮುಂದೆ ನೋಡುವವನಲ್ಲ. ಎಣ್ಣಿ ಇಲ್ಲ ಎಂದದ್ದೇ ತಡ, ಕ್ಯಾನು ಹಿಡಿದು ಪಂಪಿಗೆ ಹೋದ, ತನ್ನ ಕೈಯಿಂದಲೇ ರೊಕ್ಕ ಕೊಟ್ಟು ಪೆಟ್ರೋಲ್ ತಂದ, ಟಾಕಿಗೆ ಸುರಿದ. ಗಾಡಿಯನ್ನು ತಳ್ಳಿಸಿ ಅಂಗಳಕ್ಕೆ ತಂದು ತೊಳೆದ. ತೊಳೆದ ಮೇಲೆ ಬಹಳ ದಿನ ನಿಂತ ಗಾಡಿ, ಒಂದಿಷ್ಟು ಕಾಯಲಿ ಎಂದು ಸುರು ಮಾಡಿದ. ಮುಂದೆ ಆಯಿಲ್ಲಿನ ಕೆಂಪು ದೀಪ ಹತ್ತಿತು. ಹಳೆಯ ಗಾಡಿಯ ದೀಪಗಳು ಹಾಗೇ ಎಂದುಕೊಂಡ.

ಆ ಅಂಗಳಕ್ಕೂ ಊಟದ ಪಡಸಾಲೆಗೂ ನಡುವೆ ಒಂದೇ ಗೋಡೆ, ಗೋಡೆಯಲ್ಲಿ ಒಂದು ಕಿಟಕಿ. ಒಳಗೆ ತ್ರ್ಯಂಬಕ ಭಟ್ಟರು ಎಲೆಯ ಮುಂದೆ ಕೂತಿದ್ದರು. ಪುರೋಹಿತರು ಮಂತ್ರ ಹೇಳಿ ನರಹರಿರಾಯರನ್ನು ಅವರ ಮೇಲೆ ಆವಾಹನೆ ಮಾಡಿದ್ದರು. ನಲವತ್ತು ವರ್ಷ ರಾಯರ ಮುಂದಿನ ಸೀಟಿನಲ್ಲಿ ಕೂತ ಮನುಷ್ಯ ಅವತ್ತು ರಾಯರೇ ಆಗಿ ಕೂತಿದ್ದ. ಭಾರ್ಗವ ಅವರ ಕಾಲು ತೊಳೆದಿದ್ದ. ಭಾಗೀರಥಿಬಾಯಿ ಬಾಗಿಲ ಹತ್ತಿರ ಕೈಮುಗಿದು ನಿಂತಿದ್ದರು. ಹೀಗೆ ಕೂತವರು ಉಣ್ಣುವ ತನಕ ಮಾತಾಡುವ ಹಾಗಿಲ್ಲ, ಎಲೆ ಬಿಟ್ಟು ಏಳುವ ಹಾಗಿಲ್ಲ. ಎದ್ದರೆ ಶ್ರಾದ್ಧ ಕೆಟ್ಟಿತು, ತೀರಿಕೊಂಡವರು ಹಸಿದುಕೊಂಡೇ ತಿರುಗಿ ಹೋದರು ಎಂದು ಲೆಕ್ಕ. ಇದನ್ನೆಲ್ಲ ಈಗ ಯಾರು ಅಷ್ಟು ಬಿಗಿಯಾಗಿ ನೋಡುತ್ತಾರೆ? ಮಂತ್ರದ ನಡುವೆ ಭಾರ್ಗವ ಎರಡು ಸಲ ಫೋನು ನೋಡಿದ ಎಂದು ಪ್ರಿಯಂವದಾಬಾಯಿಯೇ ಹೇಳಿದರು. ಪಕ್ಕದ ಬ್ರಾಹ್ಮಣರು ಚಟ್ನಿಗೆ ಉಪ್ಪು ಕಡಿಮೆ ಎಂದು ಪಿಸುಗುಟ್ಟಿದರು. ಬಿಗಿಯಾಗಿ ಕೂತವರು ಪಂಕ್ತಿಯಲ್ಲಿ ಯಾವಾಗಲೂ ಕೊನೆಯ ಎಲೆ ಸಿಕ್ಕ ನಮ್ಮ ಭಟ್ಟರೊಬ್ಬರೇ.

ಸ್ಟಾರ್ಟರಿನ ಸದ್ದು ಕೇಳಿದಾಗ ಅವರ ಕೈಯಲ್ಲಿ ಅನ್ನದ ತುತ್ತಿತ್ತು. ತುತ್ತು ಎಲೆಗೆ ಬಿತ್ತು. ಎಂಜಿನ್ ಹತ್ತಿಕೊಂಡಿತು. ಮೊದಲಿಗೆ ಸದ್ದು ಸರಿಯಾಗಿಯೇ ಇರುತ್ತದೆ, ಒಳಗಿನ ಗೋಡೆಗಳಿಗೆ ಹಿಂದಿನ ಎಣ್ಣೆಯ ಪಸೆ ಇನ್ನೂ ಇರುತ್ತದೆ. ಅಷ್ಟರಲ್ಲಿ ಬಂದ್ ಮಾಡಿದರೆ ಏನೂ ಆಗುವುದಿಲ್ಲ. ಅದು ಅವರಿಗೆ ಗೊತ್ತಿತ್ತು. ಭಟ್ಟರು ಎಡಗೈ ಎತ್ತಿ ಕೀಲಿ ತಿರುಗಿಸುವ ಹಾಗೆ ಮಾಡಿದರು. ಬಡಿಸಲು ನಿಂತಿದ್ದ ಪ್ರಿಯಂವದಾಬಾಯಿಗೆ ತಿಳಿಯಲಿಲ್ಲ. ಮೌನದಲ್ಲಿ ಉಣ್ಣುವವರು ಬೇಕಾದದ್ದನ್ನು ಕೈಸನ್ನೆಯಲ್ಲೇ ಕೇಳುವುದು, ಏನೋ ಬೇಕಾಗಿದೆ ಎಂದು ಹತ್ತಿರ ಬಂದರು. ಭಟ್ಟರು ಕಿಟಕಿಯ ಕಡೆ ನೋಡಿ, ಎಡಗೈಯನ್ನು ಬಾಗಿಸಿ, ಮೇಲಿನಿಂದ ಧಾರೆಯಾಗಿ ಸುರಿಯುವಂತೆ ತೋರಿಸಿದರು. ಎಣ್ಣೆ, ಎಣ್ಣೆ ಎಂದು ಅವರು ಹೇಳುತ್ತಿದ್ದದ್ದು.

ಪ್ರಿಯಂವದಾಬಾಯಿ ತುಪ್ಪದ ಗಿಂಡಿ ತಂದು ಅನ್ನದ ಮೇಲೆ ಧಾರೆಯಾಗಿ ಸುರಿದರು.

ಭಟ್ಟರು ಬೇಡ ಎಂದು ಕೈಯಾಡಿಸಿ ಮತ್ತೆ ಅದೇ ಸನ್ನೆ ಮಾಡಿದರು. ಇನ್ನಷ್ಟು ಹಾಕ್ರಿ ಎಂದು ಭಾರ್ಗವ ಹೇಳಿದ. ಇನ್ನಷ್ಟು ಬಿತ್ತು. ಹೊರಗೆ ಶಿವಲಿಂಗ ಎಕ್ಸಲರೇಟರ್ ಒತ್ತಿದ. ಎಣ್ಣೆಯ ಪಸೆ ಆರಿ ಎಂಜಿನ್ನಿನ ಮೇಲ್ಭಾಗದ ಟ್ಯಾಪೆಟ್ಟುಗಳ ಟಕಟಕ ಸುರುವಾಯಿತು. ಭಟ್ಟರು ಎಡಗೈಯನ್ನು ನೆಲಕ್ಕೆ ಊರಿದರು, ಒಂದು ಮೊಣಕಾಲು ಎತ್ತಿದರು. ಏಳುವವರೇ ಇದ್ದರು. ಪುರೋಹಿತರು ಮಂತ್ರ ನಿಲ್ಲಿಸಿ ನೋಡಿದರು.

ಆಗ ಬಾಗಿಲಲ್ಲಿ ನಿಂತಿದ್ದ ಭಾಗೀರಥಿಬಾಯಿ ಅಳತೊಡಗಿದರಂತೆ.

"ಅವರೂ ಹಿಂಗ ತುಪ್ಪಾ ಬೇಡ್ತಿದ್ರು," ಎಂದರು. "ಹಿಂಗ ಕೈ ಮಾಡಿ. ಡಾಕ್ಟರ್ ಬ್ಯಾಡಂದಾರ ಅಂತ ಕಡೀಕ ಒಂದು ವರ್ಷ ನಾ ಹಾಕಲೇ ಇಲ್ಲ. ಹಂಗ ಹೋದ್ರು. ಇವತ್ತ ಬಂದು ಕೇಳಿ ಹಾಕಿಸ್ಕೊಂಡ್ರು."

ಎತ್ತಿದ ಮೊಣಕಾಲನ್ನು ಭಟ್ಟರು ಕೆಳಗಿಳಿಸಿದರು.

ಇಲ್ಲಿಯೇ ನನ್ನ ಸಿಟ್ಟು. ಏಳಬೇಕಿತ್ತು. ಒಬ್ಬ ಮುದುಕಿಯ ಭ್ರಮೆಗೆ, ಹೋಗಿಬಿಟ್ಟ ಮನುಷ್ಯನ ಹಸಿವೆಗೆ, ತನಗೆ ಕೊನೆಯ ಎಲೆ ಹಾಕಿದ ಜನರ ಶಾಸ್ತ್ರಕ್ಕೆ ಯಾಕೆ ಕೂತುಕೊಳ್ಳಬೇಕಿತ್ತು? ಒಂದು ಮಾತು, ಬಂದ್ ಮಾಡೋ ಎನ್ನುವ ಒಂದೇ ಮಾತು ಸಾಕಿತ್ತು. ಆಮೇಲೆ ನಾನು ಇದನ್ನು ಅವರ ಮುಖದ ಮೇಲೆಯೇ ಕೇಳಿದೆ. ಅವ್ವಾರು ನನ್ನನ್ನು ಹಾಗೆ ನೋಡುತ್ತಿದ್ದರಲ್ಲ, ಬಸವಣ್ಣೆಪ್ಪಾ, ಎಂದರು.

ಅವರು ಉಣ್ಣತೊಡಗಿದರು. ತುಪ್ಪ ತೇಲುತ್ತಿದ್ದ ಅನ್ನವನ್ನು ಉಂಡರು. ವಡೆ ಉಂಡರು, ಹೆಸರುಂಡೆ ತಿಂದರು, ಖೀರು ಕುಡಿದರು. ಹೊರಗೆ ಟಕಟಕ ಹೋಗಿ ಬಡಿತ ಸುರುವಾಯಿತು, ಕಬ್ಬಿಣದ ಮೇಲೆ ಕಬ್ಬಿಣ. ಬೇರಿಂಗು ಹೋಯಿತೆಂದು ಆ ಸದ್ದಿನಲ್ಲೇ ತಿಳಿಯುತ್ತದೆ, ನನ್ನಂಥವನಿಗೇ ತಿಳಿಯುತ್ತದೆ ಎಂದಾಗ ಅವರಿಗೆ ತಿಳಿಯದೆ ಇದ್ದೀತೆ? ಶಿವಲಿಂಗ ಪಾಪ, ಗಾಡಿ ಬಂದ್ ಬೀಳುತ್ತದೆಂದು ಇನ್ನಷ್ಟು ಒತ್ತಿದ. ಕಿರ್ರೆಂದು ಒಂದು ಸದ್ದಾಗಿ ಎಂಜಿನ್ ಕಚ್ಚಿಕೊಂಡು ನಿಂತಿತು. ಅಷ್ಟು ಹೊತ್ತು ಗದ್ದಲದಲ್ಲಿ ಮುಳುಗಿದ್ದ ಮಂತ್ರ ಆಗ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತಂತೆ.

ಆಮೇಲಿನದನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ. ಮರುದಿನ ಭಾರ್ಗವ ಬಾಡಿಗೆ ಗಾಡಿ ಮಾಡಿಕೊಂಡು ತಾಯಿಯನ್ನು ಗುಡ್ಡಕ್ಕೆ ಕರೆದೊಯ್ದ. ಶಿವಲಿಂಗ ಭಟ್ಟರ ಕಾಲು ಹಿಡಿದು ಅತ್ತ, ಎಣ್ಣಿ ಇಲ್ಲಂದ್ರು, ತಂದು ಹಾಕೇನ್ರಿ, ಟಾಕಿ ತುಂಬ ಹಾಕೇನ್ರಿ ಎಂದ. ಅವನನ್ನು ಎಬ್ಬಿಸಿ ಸಮಾಧಾನ ಮಾಡಿದವರೂ ಭಟ್ಟರೇ. ಹೋಟೆಲಿನವರು ಕ್ರೇನು ತಂದು ಗಾಡಿ ಎತ್ತಿಕೊಂಡು ಹೋದರು. ಕ್ರ್ಯಾಂಕು ತಿದ್ದಿಸಿ, ಹೊಸ ಬೇರಿಂಗು ಹಾಕಿಸಿ ಎಂಜಿನ್ ಎಬ್ಬಿಸಬಹುದು ಎಂದು ನಾನು ಭಾರ್ಗವನಿಗೆ ಫೋನು ಮಾಡಿ ಹೇಳಿದೆ. ಅಷ್ಟೆಲ್ಲ ಯಾಕೆ, ಅಲ್ಲಿ ನಿಲ್ಲುವುದಕ್ಕೆ ಎಂಜಿನ್ ಬೇಕಾಗಿಲ್ಲವಲ್ಲ ಎಂದ. ಓಡೋ ಗಾಡಿ ಆಗಿದ್ದರೆ ಖಂಡಿತ ಭಟ್ಟರಿಗೇ ಕೊಡುತ್ತಿದ್ದೆ ಎಂದೂ ಹೇಳಿದ. ಅವನ ಮಾತು ನಿಜವೇ. ಬಿಳಿ ಬಟ್ಟೆಯ ಕೆಳಗಿನ ಎಣ್ಣೆಯ ಡಬ್ಬಿ, ಫಿಲ್ಟರ್, ರಿಂಗು ಮೂರನ್ನೂ ಭಟ್ಟರು ನನ್ನ ಅಂಗಡಿಗೆ ತಂದಿಟ್ಟು ಹೋದರು. ಯಾರಿಗಾದರೂ ಬೇಕಾದರೆ ಕೊಡು ಎಂದರು. ಯಾರಿಗೆ ಬೇಕು ಅದು?

ಇದೆಲ್ಲ ಆಮೇಲಿನದು. ಅವತ್ತು ಎಂಜಿನ್ ನಿಂತಾಗ ಊಟ ಇನ್ನೂ ಮುಗಿದಿರಲಿಲ್ಲ. ಭಟ್ಟರು ಮಜ್ಜಿಗೆ ಅನ್ನ ಉಂಡು ಎಲೆ ಬರಿದು ಮಾಡಿದರು. ಊಟ ಆದ ಮೇಲೆ, ಕೈ ತೊಳೆಯುವ ಮೊದಲು, ಶ್ರಾದ್ಧ ಮಾಡಿದವನು ಉಂಡವರ ಮುಂದೆ ನಿಂತು ತೃಪ್ತರಾದಿರಾ ಎಂದು ಕೇಳಬೇಕು. ಅವರು ಮೌನ ಮುರಿದು, ತೃಪ್ತರಾದೆವು ಎಂದು ಬಾಯಿಬಿಟ್ಟು ಹೇಳಬೇಕು. ಆ ಮಾತು ಬಾರದೆ ಶ್ರಾದ್ಧ ಮುಗಿಯುವುದಿಲ್ಲ. ಪುರೋಹಿತರು ಹೇಳಿಕೊಟ್ಟರು, ಭಾರ್ಗವ ಕೈಮುಗಿದು ಕೇಳಿದ.

"ತೃಪ್ತಾಃ ಸ್ಥ?"

ಪಕ್ಕದ ಬ್ರಾಹ್ಮಣರು ತಕ್ಷಣ ಹೇಳಿದರು. ಭಟ್ಟರು ಹೇಳಲಿಲ್ಲ. ಕಿಟಕಿಯಿಂದ ಸುಟ್ಟ ಕಬ್ಬಿಣದ ವಾಸನೆ ಒಳಗೆ ಬರುತ್ತಿತ್ತು. ಪುರೋಹಿತರು ಕೆಮ್ಮಿದರು. ಭಾರ್ಗವ ಇನ್ನೊಮ್ಮೆ ಕೇಳಿದ. ಭಟ್ಟರು ಎಲೆಯನ್ನೇ ನೋಡುತ್ತ ಕೂತಿದ್ದರು.

ಭಾಗೀರಥಿಬಾಯಿ ಬಾಗಿಲು ಬಿಟ್ಟು ಹತ್ತಿರ ಬಂದರು. ಗಂಡನ ಮುಂದೆ ನಿಂತ ಹಾಗೆ ಸೆರಗು ಸರಿಮಾಡಿಕೊಂಡು, ತಲೆ ತಗ್ಗಿಸಿ, ಮೆಲ್ಲಗೆ ಕೇಳಿದರು.

"ಇನ್ನೇನರ ಬೇಕಾಗಿತ್ತೇನ್ರಿ?"

ಭಟ್ಟರು ತಲೆಯೆತ್ತಿ ಅವರನ್ನು ನೋಡಿದರು.

"ತೃಪ್ತಾಃ ಸ್ಮಃ," ಎಂದರು.